ನ್ಯಾಯಮೂರ್ತಿ ಮಾತಾಡುವಂತಿಲ್ಲ, ವಕೀಲರು ಏನು ಮಾತಾಡಬೇಕು?

2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಕೊಲಿಜಿಯಂ, ಅಂದರೆ ನ್ಯಾಯಮೂರ್ತಿಗಳ ನೇಮಕ, ವರ್ಗಾವಣೆಯ ಹೆಸರು ಸೂಚಿಸುವ ಹಿರಿಯ ನ್ಯಾಯಮೂರ್ತಿಗಳ ಕೂಟ, ಏಳು ಹೈಕೋರ್ಟ್ ನ್ಯಾಯಮೂರ್ತಿಗಳ ವರ್ಗಾವಣೆಗೆ ಶಿಫಾರಸು ಮಾಡಿತು. ಏಳರಲ್ಲಿ ನಾಲ್ವರು ಕರ್ನಾಟಕ ಹೈಕೋರ್ಟಿನವರು. ಕೃಷ್ಣ ದೀಕ್ಷಿತ್ ಒಡಿಶಾಕ್ಕೆ, ಕೆ. ನಟರಾಜನ್ ಕೇರಳಕ್ಕೆ, ಎನ್.ಎಸ್. ಸಂಜಯ್ ಗೌಡ ಗುಜರಾತಿಗೆ, ಹೇಮಂತ್ ಚಂದನಗೌಡರ್ ಮದ್ರಾಸಿಗೆ. ಕೊಟ್ಟ ಕಾರಣ ಒಂದೇ ಸಾಲು: ಹೈಕೋರ್ಟ್‌ಗಳಲ್ಲಿ ಎಲ್ಲರನ್ನೂ ಒಳಗೊಳ್ಳುವ ಗುಣ, ವೈವಿಧ್ಯ ಹೆಚ್ಚಬೇಕು, ನ್ಯಾಯದಾನದ ಗುಣಮಟ್ಟ ಗಟ್ಟಿಯಾಗಬೇಕು. ಏಳೂ ಜನಕ್ಕೆ ಸೇರಿ ಅದೊಂದೇ ಸಾಲು.

ಬೆಂಗಳೂರಿನ ವಕೀಲರ ಸಂಘಕ್ಕೆ ಸಿಟ್ಟು ಬಂತು. ಮರುಪರಿಶೀಲಿಸಿ ಎಂದು ಭಾರತದ ಮುಖ್ಯ ನ್ಯಾಯಮೂರ್ತಿಗೆ ಪತ್ರ ಹೋಯಿತು. ವಕೀಲರು ಕಲಾಪದಿಂದ ದೂರ ಉಳಿದರು. ವರ್ಗಾವಣೆ ನಿಲ್ಲಲಿಲ್ಲ. ಹೊರಗಿದ್ದ ಜನಕ್ಕೆ ತಲುಪಿದ್ದು ಮಾತ್ರ ಇಷ್ಟು: "ಇವತ್ತು ವಕೀಲರು ಬರಲ್ವಂತೆ, ನಿಮ್ಮ ಕೇಸಿಗೆ ಬೇರೆ ಡೇಟು." ನಾಲ್ವರು ನ್ಯಾಯಮೂರ್ತಿಗಳು ಊರು ಬಿಟ್ಟರೆ ತನಗೇನು ನಷ್ಟ ಎಂದು ಕೋಲಾರದ ಕಕ್ಷಿದಾರನಿಗೆ ಯಾರೂ ಕೂತು ಹೇಳಲಿಲ್ಲ.

ನಮ್ಮ ವಕೀಲರ ಸಂಘಗಳಿಗೆ ಕೋರ್ಟ್ ನಿಲ್ಲಿಸುವುದು ಚೆನ್ನಾಗಿ ಗೊತ್ತು. ಯಾಕೆ ನಿಲ್ಲಿಸಿದೆವು ಎಂದು ಬಿಡಿಸಿ ಹೇಳುವುದು ಅಷ್ಟಕ್ಕಷ್ಟೆ. ನ್ಯಾಯಾಂಗದ ಸ್ವಾತಂತ್ರ್ಯ ಉಳಿಯಬೇಕಾದರೆ ಮೊದಲನೆಯದಕ್ಕಿಂತ ಎರಡನೆಯದು ಜಾಸ್ತಿ ಬೇಕು ಎಂಬುದು ನನ್ನ ವಾದ. ವಿಚಿತ್ರವೆಂದರೆ, ಎರಡನೆಯದಕ್ಕೆ ಕಾನೂನಿನಲ್ಲಿ ಸಾಕಷ್ಟು ಜಾಗ ಇದೆ. ಮೊದಲನೆಯದಕ್ಕೆ ಹೆಚ್ಚುಕಡಿಮೆ ಇಲ್ಲ.

ನ್ಯಾಯಾಧೀಶರ ಬಾಯಿ ಯಾಕೆ ಕಟ್ಟಿದೆ

ಮಂತ್ರಿಯನ್ನು ಬೈದರೆ ಮಂತ್ರಿ ಮರುದಿನವೇ ಪತ್ರಿಕಾಗೋಷ್ಠಿ ಕರೆಯುತ್ತಾರೆ. ನ್ಯಾಯಮೂರ್ತಿಯನ್ನು ಬೈದರೆ ಅವರು ಸುಮ್ಮನಿರಬೇಕು. 1997ರಲ್ಲಿ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳು ಸೇರಿ ತಮಗೆ ತಾವೇ ಒಂದು ನಡವಳಿಕೆಯ ಪಟ್ಟಿ ಮಾಡಿಕೊಂಡರು. ಅದರಲ್ಲಿ ಎರಡು ಮಾತು ಈ ವಿಷಯಕ್ಕೆ ನೇರ ಸಂಬಂಧಿಸಿದವು. ರಾಜಕೀಯ ವಿಷಯಗಳ ಬಗ್ಗೆಯಾಗಲಿ, ಕೋರ್ಟಿಗೆ ಬರಬಹುದಾದ ವಿಷಯಗಳ ಬಗ್ಗೆಯಾಗಲಿ ಬಹಿರಂಗ ಚರ್ಚೆಗೆ ಇಳಿಯಬಾರದು. ತೀರ್ಪೇ ಮಾತಾಡಬೇಕು, ಮಾಧ್ಯಮಕ್ಕೆ ಸಂದರ್ಶನ ಕೊಡಬಾರದು. ಜಗತ್ತಿನ ಅನೇಕ ದೇಶಗಳು ಇವತ್ತು ಒಪ್ಪಿಕೊಂಡಿರುವ ನ್ಯಾಯಾಧೀಶರ ನಡವಳಿಕೆಯ ತತ್ವಗಳಿಗೆ ನಮ್ಮ ಬೆಂಗಳೂರಿನ ಹೆಸರೇ ಇದೆ. ಅವುಗಳ ಕರಡು 2001ರಲ್ಲಿ ಇಲ್ಲೇ ತಯಾರಾಯಿತು, ಮರುವರ್ಷ ಹೇಗ್‌ನಲ್ಲಿ ಪರಿಷ್ಕರಣೆ ಆಯಿತು. ಮೊದಲ ಮೌಲ್ಯವೇ ಸ್ವಾತಂತ್ರ್ಯ. ಆದರೆ ಅಲ್ಲೂ ನ್ಯಾಯಾಧೀಶರಿಗೆ ಮಾತಿನಲ್ಲಿ ಹಿಡಿತ ಇರಬೇಕು ಎಂದೇ ಹೇಳಿದೆ.

ಈ ಗೆರೆ ದಾಟಿದ ಉದಾಹರಣೆ ಬೆರಳೆಣಿಕೆಯಷ್ಟು. 2018ರ ಜನವರಿ 12ರಂದು ಸುಪ್ರೀಂ ಕೋರ್ಟಿನ ನಾಲ್ವರು ಹಿರಿಯ ನ್ಯಾಯಮೂರ್ತಿಗಳು ಮನೆಯಂಗಳದಲ್ಲಿ ಪತ್ರಕರ್ತರನ್ನು ಕರೆದರು. 2022ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಚ್.ಪಿ. ಸಂದೇಶ್ ತೆರೆದ ನ್ಯಾಯಾಲಯದಲ್ಲೇ ಒಂದು ಮಾತು ಹೇಳಿದರು. ಭ್ರಷ್ಟಾಚಾರ ನಿಗ್ರಹ ದಳದ ಪ್ರಕರಣವೊಂದರಲ್ಲಿ ಗಟ್ಟಿ ಪ್ರಶ್ನೆ ಕೇಳಿದ್ದಕ್ಕೆ ತಮ್ಮನ್ನು ವರ್ಗಾವಣೆ ಮಾಡಿಸಬಹುದು ಎಂಬ ಸೂಚನೆ ಬಂದಿದೆ ಎಂದರು. ತಾನು ರೈತನ ಮಗ, ಹುದ್ದೆ ಹೋದರೆ ಹೊಲ ಉಳುವೆ ಎಂದರು. ಆ ಮುಂದಿನ ತಿಂಗಳೇ ಹೈಕೋರ್ಟಿನ ಬೇರೊಂದು ಪೀಠ ಆ ದಳವನ್ನೇ ರದ್ದು ಮಾಡಿತು, ಅದು ಬೇರೆ ಕಥೆ. ಆದರೆ ಪ್ರತಿ ಸಲ ನ್ಯಾಯಮೂರ್ತಿಯೇ ಹೀಗೆ ಬಾಯಿ ಬಿಟ್ಟು ಹೇಳಬೇಕಾಗಿ ಬಂದರೆ ವ್ಯವಸ್ಥೆ ಎಲ್ಲೋ ಎಡವಿದೆ ಅಂತಲೇ ಅರ್ಥ, ಅಲ್ವಾ?

ಹಾಗಾದರೆ ಅವರ ಪರವಾಗಿ ಮಾತಾಡಬೇಕಾದವರು ಯಾರು? ಸರ್ಕಾರ ಮಾತಾಡುವಂತಿಲ್ಲ. ದೇಶದ ಅತಿ ದೊಡ್ಡ ಕಕ್ಷಿದಾರ ಅದೇ. ಪತ್ರಕರ್ತರು ಮಾತಾಡಬಹುದು, ಆದರೆ ಕೋರ್ಟಿನ ಒಳಮನೆ ಅವರಿಗೆ ಅರ್ಧ ಮಾತ್ರ ಕಾಣುತ್ತದೆ. ಉಳಿದವರು ವಕೀಲರು. ದಿನಾ ಬೆಳಿಗ್ಗೆ ಹತ್ತೂವರೆಗೆ ಅದೇ ಹಾಲ್‌ನಲ್ಲಿ ನಿಲ್ಲುವವರು. ಯಾವ ಪೀಠಕ್ಕೆ ಯಾವ ಬಗೆಯ ಕೇಸು ಹೋಗುತ್ತದೆ, ಯಾವಾಗ ಬದಲಾಯಿತು, ಯಾಕೆ ಬದಲಾಯಿತು ಎಂದು ಮೊದಲು ಗೊತ್ತಾಗುವುದು ಅವರಿಗೇ.

ಅವರಿಗೆ ಆ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟೇ ಹೇಳಿ ನಾಲ್ಕು ದಶಕ ದಾಟಿತು. 1981ರ ಮಾರ್ಚ್‌ನಲ್ಲಿ ಕೇಂದ್ರ ಕಾನೂನು ಮಂತ್ರಿ ಪಿ. ಶಿವಶಂಕರ್ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿದರು. ಹೆಚ್ಚುವರಿ, ಅಂದರೆ ಇನ್ನೂ ಕಾಯಂ ಆಗದ, ನ್ಯಾಯಮೂರ್ತಿಗಳಿಂದ ಬೇರೆ ರಾಜ್ಯದ ಹೈಕೋರ್ಟಿಗೆ ಹೋಗಲು ಒಪ್ಪಿಗೆ ಪಡೆಯಿರಿ ಎಂಬುದು ಅದರ ಸಾರಾಂಶ. ಹಲವು ಊರಿನ ವಕೀಲರು ಅದನ್ನು ಪ್ರಶ್ನಿಸಿದರು. ಎಸ್.ಪಿ. ಗುಪ್ತ ಪ್ರಕರಣ ಅಂತ ಕರೆಯುವುದು ಅದನ್ನೇ. ನೇಮಕದಲ್ಲಿ ಸರ್ಕಾರದ ಮಾತೇ ಮೇಲು ಎಂದು ಆ ತೀರ್ಪು ಹೇಳಿತು, ಅಂದರೆ ಮುಖ್ಯ ವಿಷಯದಲ್ಲಿ ವಕೀಲರು ಸೋತರು. ಆದರೆ ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಧಕ್ಕೆ ಬಂದರೆ ಕೇಳುವ ಹಕ್ಕು ವಕೀಲರಿಗಿದೆ ಎಂದೂ ಅದೇ ತೀರ್ಪು ಹೇಳಿತು. ಆ ಎಳೆ ಹಿಡಿದು ಸುಪ್ರೀಂ ಕೋರ್ಟಿನ ವಕೀಲರ ಒಂದು ಸಂಘ ಮತ್ತೆ ಕೋರ್ಟಿಗೆ ಹೋಯಿತು. 1993ರಲ್ಲಿ ಗೆದ್ದಿತು. ಕೊಲಿಜಿಯಂ ಹುಟ್ಟಿದ್ದು ಆ ತೀರ್ಪಿನಿಂದ. ಇವತ್ತು ವಕೀಲರು ಘೋಷಣೆ ಕೂಗುವುದು ತಾವೇ ಹೋರಾಡಿ ತಂದ ಕೂಸಿನ ಮುಂದೆ.

ಕೋರ್ಟ್ ನಿಲ್ಲಿಸದೆ ಏನೇನು ಮಾಡಬಹುದು

2002ರ ಡಿಸೆಂಬರ್‌ನಲ್ಲಿ ಮಾಜಿ ಕ್ಯಾಪ್ಟನ್ ಹರೀಶ್ ಉಪ್ಪಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಒಂದು ತೀರ್ಪು ಕೊಟ್ಟಿತು. ವಕೀಲರಿಗೆ ಮುಷ್ಕರದ ಹಕ್ಕಿಲ್ಲ, ಸಾಂಕೇತಿಕ ಮುಷ್ಕರದ ಹಕ್ಕೂ ಇಲ್ಲ ಎಂದಿತು. ಎಲ್ಲರಿಗೂ ನೆನಪಿರುವುದು ಅಷ್ಟೇ. ಅದೇ ತೀರ್ಪಿನಲ್ಲಿ ವಕೀಲರು ಏನೇನು ಮಾಡಬಹುದು ಎಂಬುದೂ ಇದೆ. ಪತ್ರಿಕಾ ಹೇಳಿಕೆ ಕೊಡಬಹುದು. ಟಿವಿಯಲ್ಲಿ ಸಂದರ್ಶನ ಕೊಡಬಹುದು. ಕೋರ್ಟ್ ಆವರಣದ ಹೊರಗೆ ಬ್ಯಾನರ್, ಫಲಕ ಹಿಡಿಯಬಹುದು. ತೋಳಿಗೆ ಕಪ್ಪೋ ಬಿಳಿಯೋ ಬಟ್ಟೆ ಕಟ್ಟಿಕೊಳ್ಳಬಹುದು. ಕೋರ್ಟಿನಿಂದ ದೂರ ಶಾಂತಿಯಿಂದ ಮೆರವಣಿಗೆ ಮಾಡಬಹುದು. ಧರಣಿ ಕೂರಬಹುದು, ಸರದಿ ಉಪವಾಸ ಮಾಡಬಹುದು. ಇದಿಷ್ಟೂ ದೇಶದ ದೊಡ್ಡ ಕೋರ್ಟೇ ಬರೆದುಕೊಟ್ಟ ಅನುಮತಿ.

ಒಂದು ಕಿಟಕಿಯನ್ನೂ ತೆರೆದಿಟ್ಟಿದೆ. ವಕೀಲರ ಅಥವಾ ನ್ಯಾಯಾಧೀಶರ ಘನತೆ, ಪ್ರಾಮಾಣಿಕತೆ, ಸ್ವಾತಂತ್ರ್ಯಕ್ಕೇ ಪೆಟ್ಟು ಬೀಳುವಂಥ ಅತಿ ಅಪರೂಪದ ಸಂದರ್ಭದಲ್ಲಿ ಒಂದು ದಿನದ ಮಟ್ಟಿಗೆ ಕಲಾಪದಿಂದ ದೂರ ಉಳಿದರೆ ಕೋರ್ಟ್ ಕಂಡೂ ಕಾಣದಂತೆ ಇರಬಹುದು. ಅದಕ್ಕೂ ಮೊದಲು ಸಂಘದ ಅಧ್ಯಕ್ಷರು ಮುಖ್ಯ ನ್ಯಾಯಮೂರ್ತಿಯನ್ನೋ ಜಿಲ್ಲಾ ನ್ಯಾಯಾಧೀಶರನ್ನೋ ಕಂಡು ಮಾತಾಡಬೇಕು. ಅಂಥ ಸಂದರ್ಭ ಬಂದಿದೆಯೇ ಎಂಬ ತೀರ್ಮಾನ ಅವರದ್ದು, ಸಂಘದ್ದಲ್ಲ.

ನಮ್ಮಲ್ಲಿ ಆಗುವುದು ತಲೆಕೆಳಗು. ಅತಿ ಅಪರೂಪದ ಅಸ್ತ್ರ ಮೊದಲು ಹೊರಗೆ ಬರುತ್ತದೆ. ಹೇಳಿಕೆ, ಲೇಖನ, ಸಭೆ ಇವೆಲ್ಲ ಆಮೇಲೆ ಬಂದರೆ ಬಂತು. ಇದರ ಪೆಟ್ಟು ಯಾರಿಗೆ? ಜಾಮೀನು ಅರ್ಜಿ ಇವತ್ತು ಪಟ್ಟಿಯಲ್ಲಿ ಮೂವತ್ತನೆಯದಾಗಿ ಇರುತ್ತದೆ. ವಕೀಲರು ಬಂದಿಲ್ಲ ಅಂದರೆ ಮುಂದಿನ ವಾರಕ್ಕೆ ಹೋಗುತ್ತದೆ. ಮುಂದಿನ ವಾರ ಪೀಠ ಬದಲಾಗಿರುತ್ತದೆ. ಒಳಗಿರುವವನು ಒಳಗೇ. ಅವನ ಅಣ್ಣ ಚಾಮರಾಜನಗರದಿಂದ ಬೆಳಿಗ್ಗೆ ಬಸ್ಸು ಹತ್ತಿ ಬಂದವನು, ಹೈಕೋರ್ಟಿನ ಗೇಟ್ ಹೊರಗೆ ಟೀ ಕುಡಿದು ಸಂಜೆ ಬಸ್ಸಿಗೆ ವಾಪಸ್. ಅವನಿಗೆ ನ್ಯಾಯಾಂಗದ ಸ್ವಾತಂತ್ರ್ಯದ ಬಗ್ಗೆ ಅವತ್ತು ಒಳ್ಳೆ ಅಭಿಪ್ರಾಯ ಮೂಡಿರುತ್ತದೆಯೇ?

ಬಹಿಷ್ಕಾರ ಯಾವಾಗಲೂ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. 2017ರಲ್ಲಿ ಒಂದು ಸಲ ಅದಕ್ಕೆ ಅರ್ಥ ಬಂದಿತ್ತು.

ಜಯಂತ್ ಪಟೇಲ್ ಪ್ರಕರಣ

ನ್ಯಾಯಮೂರ್ತಿ ಜಯಂತ್ ಪಟೇಲ್ ಗುಜರಾತ್ ಹೈಕೋರ್ಟಿನವರು. ಗುಜರಾತ್ ಪೊಲೀಸರ ಮೇಲೆ ಆರೋಪವಿದ್ದ ಇಶ್ರತ್ ಜಹಾನ್ ಎನ್‌ಕೌಂಟರ್ ಪ್ರಕರಣವನ್ನು 2011ರಲ್ಲಿ ಸಿಬಿಐಗೆ ಒಪ್ಪಿಸಿದ ಪೀಠದಲ್ಲಿ ಇದ್ದವರು. 2016ರಲ್ಲಿ ಅವರನ್ನು ಕರ್ನಾಟಕಕ್ಕೆ ಕಳಿಸಲಾಯಿತು. 2017ರ ಸೆಪ್ಟೆಂಬರ್ ಹೊತ್ತಿಗೆ ಅವರು ಇಲ್ಲಿ ಮುಖ್ಯ ನ್ಯಾಯಮೂರ್ತಿಯ ನಂತರದ ಹಿರಿಯರು. ಮುಖ್ಯ ನ್ಯಾಯಮೂರ್ತಿ ಅಕ್ಟೋಬರ್‌ನಲ್ಲಿ ನಿವೃತ್ತರಾಗುವವರಿದ್ದರು. ಆ ಕುರ್ಚಿ, ಹಂಗಾಮಿಯಾಗಿಯಾದರೂ, ಪಟೇಲರಿಗೆ ಬರಬೇಕಿತ್ತು. ಅಷ್ಟರಲ್ಲಿ ಅಲಹಾಬಾದಿಗೆ ವರ್ಗಾವಣೆಯ ಸುದ್ದಿ ಬಂತು. ಅಲ್ಲಿ ಹೋದರೆ ಹಿರಿತನದಲ್ಲಿ ಕೆಳಗೆ. ಸೆಪ್ಟೆಂಬರ್ 25ರಂದು ಅವರು ರಾಜೀನಾಮೆ ಕೊಟ್ಟರು.

ಅವರು ಕನ್ನಡಿಗರಲ್ಲ. ಇಲ್ಲಿನ ಯಾವ ಜಾತಿ ಲೆಕ್ಕಕ್ಕೂ ಸೇರಿದವರಲ್ಲ. ಆದರೂ ಬೆಂಗಳೂರಿನ ವಕೀಲರು ದನಿ ಎತ್ತಿದರು. ಅಹಮದಾಬಾದಿನವರೂ ಎತ್ತಿದರು. ಎರಡೂ ಕಡೆ ಕೇಳಿದ ಪ್ರಶ್ನೆ ಒಂದೇ: ಕಾರಣ ಏನು? ಅಕ್ಟೋಬರ್ ಮೊದಲ ವಾರ ಕರ್ನಾಟಕದಲ್ಲಿ ಕಲಾಪ ಬಹಿಷ್ಕಾರವೂ ನಡೆಯಿತು. ಅದೇ ಹೊತ್ತಿಗೆ, ಅಕ್ಟೋಬರ್ 3ರಂದು, ಕೊಲಿಜಿಯಂ ಒಂದು ನಿರ್ಣಯ ಮಾಡಿತು. ಇನ್ನು ಮುಂದೆ ತನ್ನ ತೀರ್ಮಾನಗಳನ್ನು ಕಾರಣ ಸಹಿತ ಸುಪ್ರೀಂ ಕೋರ್ಟ್ ವೆಬ್‌ಸೈಟಿನಲ್ಲಿ ಹಾಕುವುದಾಗಿ ಹೇಳಿತು. ಪ್ರತಿಭಟನೆಯಿಂದಲೇ ಆಯಿತು ಎಂದು ಗೆರೆ ಎಳೆದು ತೋರಿಸಲಾಗದು. ಆದರೆ ಪಟೇಲರ ರಾಜೀನಾಮೆಯ ಗದ್ದಲ ಇಲ್ಲದಿದ್ದರೆ ಆ ವಾರವೇ ಆ ನಿರ್ಣಯ ಬರುತ್ತಿತ್ತು ಎಂದು ನಂಬುವುದು ಕಷ್ಟ.

ಆ ಸಲ ಮಾತು ಮುಟ್ಟಿದ್ದು ಯಾಕೆ? ಬೇಡಿಕೆ 'ಪಟೇಲರನ್ನು ಇಲ್ಲೇ ಇರಿಸಿ' ಎಂಬುದಕ್ಕಿಂತ ದೊಡ್ಡದಿತ್ತು. ಯಾವ ನ್ಯಾಯಮೂರ್ತಿಯನ್ನೇ ಆಗಲಿ, ಯಾಕೆ ಎತ್ತಂಗಡಿ ಮಾಡುತ್ತೀರಿ ಎಂದು ಹೇಳಿ ಎಂಬ ಬೇಡಿಕೆ ಅದು. ವ್ಯಕ್ತಿಯಿಂದ ಕ್ರಮದ ಕಡೆಗೆ ಮಾತು ತಿರುಗಿತ್ತು. ಹಾಗಾಗಿಯೇ ವ್ಯಕ್ತಿ ಹೋದ ಮೇಲೂ ಪ್ರಶ್ನೆ ಉಳಿಯಿತು.

ಈಗ 2025ಕ್ಕೆ ಬನ್ನಿ. ಏಳು ಜನಕ್ಕೆ ಒಂದೇ ಸಾಲಿನ ಕಾರಣ ಕೊಟ್ಟಾಗ ವಕೀಲರು ಕೇಳಬಹುದಾಗಿದ್ದು ಬಹಳ ಇತ್ತು. ಸಂವಿಧಾನದ 222ನೇ ವಿಧಿ ವರ್ಗಾವಣೆಗೆ ಅವಕಾಶ ಕೊಡುತ್ತದೆ. ಅದು ಸಾರ್ವಜನಿಕ ಹಿತಕ್ಕೆ ಮಾತ್ರ, ಶಿಕ್ಷೆಗಾಗಿ ಅಲ್ಲ ಎಂದು 1977ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬಿಡುವ ಹೈಕೋರ್ಟ್, ಸೇರುವ ಹೈಕೋರ್ಟ್, ಎರಡರ ಮುಖ್ಯ ನ್ಯಾಯಮೂರ್ತಿಗಳ ಅಭಿಪ್ರಾಯ ಕೇಳಬೇಕು ಎಂಬ ಕ್ರಮ ಇದೆ. ವರ್ಗವಾಗುವ ನ್ಯಾಯಮೂರ್ತಿ ಏನು ಉತ್ತರ ಕೊಟ್ಟರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಗಾದರೆ ಈ ನಾಲ್ವರಲ್ಲಿ ಯಾರಾದರೂ ತಾವೇ ಕೇಳಿಕೊಂಡಿದ್ದರೇ? ಬೇಡ ಎಂದಿದ್ದರೇ? ವೈವಿಧ್ಯ ಹೆಚ್ಚಿಸಲು ಒಂದೇ ಹೈಕೋರ್ಟಿನಿಂದ ನಾಲ್ವರು ಯಾಕೆ? ಇವನ್ನು ಒಂದು ಪುಟದಲ್ಲಿ, ಕನ್ನಡದಲ್ಲಿ ಬರೆದು ಪತ್ರಿಕೆಗಳಿಗೆ ಕೊಟ್ಟರೆ ಯಾವ ನ್ಯಾಯಾಂಗ ನಿಂದನೆಯೂ ಆಗುವುದಿಲ್ಲ. 'ನಮ್ಮ ನ್ಯಾಯಮೂರ್ತಿಗಳು ಒಳ್ಳೆಯವರು, ಕಳಿಸಬೇಡಿ' ಎನ್ನುವುದಕ್ಕಿಂತ ನೂರು ಪಾಲು ಗಟ್ಟಿ.

ವರ್ಗಾವಣೆ ಅಂದರೆ ವಕೀಲರು ಯಾಕಿಷ್ಟು ಬೆಚ್ಚುತ್ತಾರೆ ಎಂಬುದಕ್ಕೆ ಹಿನ್ನೆಲೆ ಇದೆ. ಸಾಮಾನ್ಯ ಓದುಗರಿಗೆ ಇದು ಗೊತ್ತಿಲ್ಲ. ತುರ್ತುಪರಿಸ್ಥಿತಿಯಲ್ಲಿ ವಿಚಾರಣೆ ಇಲ್ಲದೆ ಜೈಲಿಗೆ ಹಾಕಿದವರ ಅರ್ಜಿಯನ್ನು ಕೇಳಿಯೇ ಕೇಳುತ್ತೇವೆ ಎಂದ ಹೈಕೋರ್ಟ್‌ಗಳಲ್ಲಿ ಕರ್ನಾಟಕವೂ ಒಂದು. ವಾಜಪೇಯಿ, ಅಡ್ವಾಣಿ ಆಗ ಬೆಂಗಳೂರು ಜೈಲಿನಲ್ಲಿದ್ದರು. 1976ರಲ್ಲಿ ದೇಶದ 16 ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಒಪ್ಪಿಗೆ ಇಲ್ಲದೆ ಎತ್ತಂಗಡಿ ಮಾಡಲಾಯಿತು. ಕರ್ನಾಟಕದಿಂದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದಸ್ವಾಮಿ ಗುವಾಹಟಿಗೆ ಹೋದರು. ಗುಜರಾತಿನ ನ್ಯಾಯಮೂರ್ತಿ ಸಂಕಲ್‌ಚಂದ್ ಶೇಠ್ ಮಾತ್ರ ಸುಮ್ಮನಿರದೆ ತಮ್ಮ ವರ್ಗಾವಣೆಯನ್ನೇ ಕೋರ್ಟಿನಲ್ಲಿ ಪ್ರಶ್ನಿಸಿದರು. ಮೇಲೆ ಹೇಳಿದ 1977ರ ತೀರ್ಪು ಅವರದ್ದೇ. ಯಾರಾದರೂ ಟಿವಿಯಲ್ಲಿ ಕೂತು ಈ ನಾಲ್ಕು ಸಾಲು ಹೇಳಿದ್ದರೆ, 'ಸರ್ಕಾರಿ ನೌಕರರಿಗೆಲ್ಲ ಟ್ರಾನ್ಸ್‌ಫರ್ ಆಗುತ್ತೆ, ಇವರಿಗೇನು ವಿಶೇಷ' ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿಬಿಡುತ್ತಿತ್ತು.

ತೀರ್ಪು ಬೇರೆ, ಸ್ವಾತಂತ್ರ್ಯ ಬೇರೆ

ಇಲ್ಲೇ ಜಾಸ್ತಿ ಜನ ಎಡವುವುದು. ನ್ಯಾಯಾಂಗದ ಸ್ವಾತಂತ್ರ್ಯದ ಪರ ಮಾತಾಡುವುದು ಅಂದರೆ ತೀರ್ಪನ್ನು ಸಮರ್ಥಿಸುವುದು ಎಂದುಕೊಳ್ಳುತ್ತಾರೆ. ನಮಗೆ ಹಿಡಿಸಿದ ತೀರ್ಪು ಬಂದಾಗ ಮಾತ್ರ ಸ್ವಾತಂತ್ರ್ಯ ನೆನಪಾಗುತ್ತದೆ.

2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟಿನ ಹಿಜಾಬ್ ತೀರ್ಪು ಬಂತು. ಮೂವರು ನ್ಯಾಯಮೂರ್ತಿಗಳಿಗೆ ಜೀವ ಬೆದರಿಕೆ ಬಂತು. ಬೆದರಿಕೆಯ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿತು. ಬೆಂಗಳೂರಿನ ವಕೀಲರೊಬ್ಬರೇ ಪೊಲೀಸರಿಗೆ ದೂರು ಕೊಟ್ಟರು. ಸರ್ಕಾರ ಮೂವರಿಗೂ ವೈ ದರ್ಜೆಯ ಭದ್ರತೆ ಕೊಟ್ಟಿತು. ಆ ತೀರ್ಪು ತಪ್ಪು ಎಂದು ವಾದಿಸಿದ ವಕೀಲರು ಸಾಕಷ್ಟು ಜನ ಇದ್ದರು. ತಪ್ಪು ಎಂದು ಬರೆಯುವುದು, ಸುಪ್ರೀಂ ಕೋರ್ಟಿಗೆ ಹೋಗುವುದು ಅವರ ಹಕ್ಕು. ಆದರೆ ಬೆದರಿಕೆಯ ಬಗ್ಗೆ ಮೊದಲು ಮಾತಾಡಬೇಕಾದವರೂ ಅವರೇ. ತೀರ್ಪು ಮೆಚ್ಚಿದವರು ಬೆದರಿಕೆ ಖಂಡಿಸಿದರೆ ಅದರಲ್ಲಿ ವಿಶೇಷ ಏನೂ ಇಲ್ಲ. ತೀರ್ಪನ್ನು ವಿರೋಧಿಸಿದವರು ಖಂಡಿಸಿದಾಗ ಆ ಮಾತಿಗೆ ತೂಕ. ಆ ಪೀಠದಲ್ಲಿದ್ದ ಕೃಷ್ಣ ದೀಕ್ಷಿತರೇ 2025ರಲ್ಲಿ ವರ್ಗವಾದ ನಾಲ್ವರಲ್ಲೊಬ್ಬರು. ಹಿಜಾಬ್ ತೀರ್ಪನ್ನು ಕಟುವಾಗಿ ಟೀಕಿಸಿದ ವಕೀಲರೊಬ್ಬರು ಅವರ ವರ್ಗಾವಣೆಗೆ ಕಾರಣ ಕೇಳಿದರೆ ಅದರಲ್ಲಿ ವಿರೋಧಾಭಾಸ ಏನೂ ಇಲ್ಲ.

ಇನ್ನೊಂದು ಉದಾಹರಣೆ ನಮ್ಮ ಕಾವೇರಿಯದ್ದು. ನೆನಪಿಸಿಕೊಳ್ಳುವುದು ಸ್ವಲ್ಪ ಮುಜುಗರ. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ತಮಿಳುನಾಡಿಗೆ ಹತ್ತು ದಿನ, ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಿ ಎಂದಿತು. ಮಂಡ್ಯ ಕುದಿಯಿತು. 12ರಂದು ಆದೇಶ ಸ್ವಲ್ಪ ಬದಲಾಯಿತು, ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಕರ್ನಾಟಕದ ಪರ ದಶಕಗಳಿಂದ ವಾದಿಸುತ್ತಿದ್ದ ಫಾಲಿ ನರಿಮನ್ ಮೇಲೆ ಬೈಗುಳದ ಸುರಿಮಳೆ. ಅವರನ್ನು ಬದಲಿಸಿ ಎಂಬ ಕೂಗು ಎದ್ದಿತು. ಆಮೇಲೂ ನೀರು ಬಿಡಿ ಎಂಬ ಆದೇಶಗಳು ಬಂದವು. ಕುಡಿಯಲು ಮಾತ್ರ ನೀರು ಎಂದು ವಿಧಾನಮಂಡಲ ನಿರ್ಣಯ ಮಾಡಿತು. ರಾಜ್ಯ ಬಿಡಲಿಲ್ಲ.

ಸೆಪ್ಟೆಂಬರ್ 30ರಂದು ನರಿಮನ್ ಕೋರ್ಟಿನಲ್ಲಿ ಎದ್ದು ನಿಂತು, ಆದೇಶ ಪಾಲಿಸದ ರಾಜ್ಯದ ಪರವಾಗಿ ತಾನು ವಾದ ಮಾಡುವುದಿಲ್ಲ ಎಂದರು. ಯಾರಿಗೂ ಬೈಯಲಿಲ್ಲ. ಆದೇಶ ಸರಿ ಎಂದು ಹೊಗಳಲೂ ಇಲ್ಲ. ಕರ್ನಾಟಕಕ್ಕೆ ಅನ್ಯಾಯ ಆಗುತ್ತಿದೆ ಎಂದು ವರ್ಷಗಟ್ಟಲೆ ವಾದಿಸಿದವರು ಅವರೇ. ಆದರೆ ಆದೇಶ ಒಪ್ಪದಿರುವುದು ಒಂದು, ಪಾಲಿಸದಿರುವುದು ಇನ್ನೊಂದು ಎಂಬ ಗೆರೆಯನ್ನು ತಮ್ಮ ಕಕ್ಷಿದಾರನ ಎದುರೇ ಎಳೆದರು. ಪೀಠ ಅದನ್ನು ಮೆಚ್ಚಿತು. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂದ ಕೂಡಲೇ ಕೇಂದ್ರದ ಹೆಚ್ಚುವರಿ ಸಾಲಿಸಿಟರ್ ಜನರಲ್ ಹುದ್ದೆ ಬಿಟ್ಟವರೂ ಇದೇ ನರಿಮನ್. ನನ್ನ ಪ್ರಕಾರ 2016ರ ನಡೆ ಅದಕ್ಕಿಂತ ಕಷ್ಟದ್ದು. 1975ರಲ್ಲಿ ಎದುರಿಗಿದ್ದದ್ದು ಸರ್ಕಾರ. 2016ರಲ್ಲಿ ಇಡೀ ಒಂದು ರಾಜ್ಯದ ಸಿಟ್ಟು, ಅದೂ ತನ್ನನ್ನು ನಂಬಿದ್ದ ರಾಜ್ಯದ್ದು.

ನಿಂದನೆಯ ಭಯ ಎಷ್ಟು ನಿಜ

'ಮಾತಾಡಿದರೆ ಕಂಟೆಂಪ್ಟ್ ಹಾಕುತ್ತಾರೆ' ಎಂಬುದು ವಕೀಲರ ಮೊದಲ ನೆಪ. ಭಯ ಪೂರ್ತಿ ಸುಳ್ಳಲ್ಲ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ ಇದೆ. 2020ರಲ್ಲಿ ಎರಡು ಟ್ವೀಟ್‌ಗಳಿಗಾಗಿ ವಕೀಲ ಪ್ರಶಾಂತ್ ಭೂಷಣ್ ತಪ್ಪಿತಸ್ಥರಾದರು. ಕೊನೆಗೆ ಒಂದು ರೂಪಾಯಿ ದಂಡ. ಕಟ್ಟದಿದ್ದರೆ ಮೂರು ತಿಂಗಳು ಜೈಲು, ಮೂರು ವರ್ಷ ಸುಪ್ರೀಂ ಕೋರ್ಟಿನಲ್ಲಿ ವಕೀಲಿಕೆ ಬಂದ್ ಎಂದಿತ್ತು. ಶಿಕ್ಷೆ ಬೇಡ ಎಂದು ಕೇಳಿದವರು ಆಗಿನ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್.

ಆದರೆ ಅದೇ ಕಾಯ್ದೆಯ 5ನೇ ಸೆಕ್ಷನ್, ಮುಗಿದ ಪ್ರಕರಣದ ತೀರ್ಪಿನ ನ್ಯಾಯವಾದ ಟೀಕೆ ನಿಂದನೆ ಅಲ್ಲ ಎನ್ನುತ್ತದೆ. 2006ರ ತಿದ್ದುಪಡಿ ನಂತರ, ಸಾರ್ವಜನಿಕ ಹಿತಕ್ಕಾಗಿ ಒಳ್ಳೆ ಮನಸ್ಸಿನಿಂದ ಹೇಳಿದ ಸತ್ಯವನ್ನು ಕೋರ್ಟ್ ಸಮರ್ಥನೆಯಾಗಿ ಒಪ್ಪಬಹುದು. ಮೇಲೆ ಬಂದ ಶಿವಶಂಕರ್ ಅವರನ್ನೇ ತೆಗೆದುಕೊಳ್ಳಿ. ಅವರು ಇನ್ನೊಂದು ಸಲ ಕೇಂದ್ರ ಮಂತ್ರಿ ಆಗಿದ್ದಾಗ ಭಾಷಣದಲ್ಲಿ, ವಿದೇಶಿ ವಿನಿಮಯ ಕಾನೂನು ಮುರಿದವರು, ಸೊಸೆಯನ್ನು ಸುಟ್ಟವರು ಸುಪ್ರೀಂ ಕೋರ್ಟಿನಲ್ಲಿ ಆಸರೆ ಕಂಡುಕೊಂಡಿದ್ದಾರೆ ಎಂಬರ್ಥದ ಮಾತಾಡಿದ್ದರು. 1988ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ನಿಂದನೆ ಅನ್ನಲಿಲ್ಲ.

ಗೆರೆ ಎಲ್ಲಿದೆ ಎಂದು ಒಂದೇ ಮಾತಲ್ಲಿ ಹೇಳಲಾಗದು. ಪೀಠದಿಂದ ಪೀಠಕ್ಕೆ ಜರುಗುತ್ತದೆ, ನಿಜ ಹೇಳಬೇಕಂದರೆ. ಆದರೂ ಒಂದು ಅಂದಾಜು ಸಿಗುತ್ತದೆ. 'ಈ ತೀರ್ಪಿನ ತರ್ಕ ಇಲ್ಲಿ ಕುಸಿಯುತ್ತದೆ' ಎನ್ನಬಹುದು. 'ಈ ವರ್ಗಾವಣೆಗೆ ಕಾರಣ ಕೊಟ್ಟಿಲ್ಲ' ಎನ್ನಬಹುದು. 'ಇವರು ಇಂಥವರಿಂದ ಇಷ್ಟು ತಗೊಂಡು ಹೀಗೆ ಬರೆದರು' ಎಂದರೆ ಕೈಯಲ್ಲಿ ದಾಖಲೆ ಬೇಕು, ಅದನ್ನು ಹೇಳುವ ಜಾಗವೂ ಟಿವಿ ಅಲ್ಲ. ತಾನೇ ವಾದಿಸುತ್ತಿರುವ, ಇನ್ನೂ ಮುಗಿಯದ ಕೇಸಿನ ಬಗ್ಗೆ ಸ್ಟುಡಿಯೊದಲ್ಲಿ ಕೂತು ಮಾತಾಡುವುದು ಎಲ್ಲಕ್ಕಿಂತ ಕೆಟ್ಟದ್ದು. ಅದು ಸ್ವಾತಂತ್ರ್ಯದ ಪರ ಮಾತಲ್ಲ, ಕಕ್ಷಿದಾರನ ಪರ ಪ್ರಚಾರ.

ಕಾಯ್ದೆಗಿಂತ ದೊಡ್ಡ ಭಯ ಬೇರೆ ಇದೆ. ನಾಳೆ ಅದೇ ನ್ಯಾಯಮೂರ್ತಿಯ ಮುಂದೆ ನಿಲ್ಲಬೇಕು. ಜೂನಿಯರ್‌ಗಳಿಗೆ ಇದು ಇನ್ನೂ ಜಾಸ್ತಿ. ಆದ್ದರಿಂದಲೇ ಒಬ್ಬರ ಹೆಸರಿಗಿಂತ ಹತ್ತಾರು ಸಹಿ, ಸಂಘದ ಲೆಟರ್‌ಹೆಡ್ ಮುಖ್ಯವಾಗುತ್ತದೆ. ಮೊದಲ ಸಹಿ ಹಿರಿಯ ವಕೀಲರದ್ದಾಗಿರಬೇಕು. 1973ರಲ್ಲಿ ಹಾಗೇ ಆಯಿತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೆಸರಿನ ಪ್ರಕರಣದಲ್ಲಿ ಏಪ್ರಿಲ್ 24ರಂದು ತೀರ್ಪು ಬಂತು. ಅದರ ಬೆನ್ನಿಗೇ, ಅದರಲ್ಲಿ ಸರ್ಕಾರದ ವಿರುದ್ಧ ತೀರ್ಪು ಬರೆದ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ದಾಟಿಸಲ್ಪಟ್ಟವರಲ್ಲಿ ನಮ್ಮ ದಕ್ಷಿಣ ಕನ್ನಡದ ಕೆ.ಎಸ್. ಹೆಗ್ಡೆಯೂ ಒಬ್ಬರು. ಮೂವರೂ ರಾಜೀನಾಮೆ ಕೊಟ್ಟರು. ಆಗ ನಾನಿ ಪಾಲ್ಖಿವಾಲಾ, ಎಂ.ಸಿ. ಛಾಗ್ಲಾ ಅವರಂಥ ವಕೀಲಿಕೆಯ ದೊಡ್ಡ ಹೆಸರುಗಳು ಬಹಿರಂಗವಾಗಿ ವಿರೋಧಿಸಿದವು. ನೇಮಕ ಹಿಂದೆ ಸರಿಯಲಿಲ್ಲ. ಆದರೆ ಹಿರಿತನ ಮುರಿದದ್ದು ಯಾಕೆ ತಪ್ಪು ಎಂಬುದು ಇವತ್ತಿಗೂ ಕಾನೂನು ಓದುವ ಹುಡುಗರಿಗೆ ಗೊತ್ತಿದೆ ಅಂದರೆ ಆ ಮಾತುಗಳಿಂದ.

ಎಲ್ಲ ನ್ಯಾಯಮೂರ್ತಿಯನ್ನೂ ಕಾಯಬೇಕೆ

ಬೇಡ. ನ್ಯಾಯಾಂಗದ ಸ್ವಾತಂತ್ರ್ಯ ಯಾವ ನ್ಯಾಯಮೂರ್ತಿಯ ಸ್ವಂತ ಆಸ್ತಿಯೂ ಅಲ್ಲ. 2009ರಲ್ಲಿ ಪಿ.ಡಿ. ದಿನಕರನ್ ಕರ್ನಾಟಕದ ಮುಖ್ಯ ನ್ಯಾಯಮೂರ್ತಿ ಆಗಿದ್ದರು, ಸುಪ್ರೀಂ ಕೋರ್ಟಿಗೆ ಹೆಸರು ಹೋಗಿತ್ತು. ಚೆನ್ನೈನ ಕೆಲವು ವಕೀಲರು ಭೂಮಿಯ ದಾಖಲೆಗಳನ್ನು ಕಲೆಹಾಕಿ, ಅವರು ತಿರುವಳ್ಳೂರು ಜಿಲ್ಲೆಯಲ್ಲಿ ಜಮೀನು ಒತ್ತುವರಿ ಮಾಡಿದ್ದಾರೆ ಎಂದು ಬರಹದಲ್ಲಿ ದೂರು ಕೊಟ್ಟರು. ಅದು ಕೆಲಸ ಮಾಡಿತು. ರಾಜ್ಯಸಭೆಯಲ್ಲಿ ಪದಚ್ಯುತಿಯ ನಿರ್ಣಯಕ್ಕೆ ಸಹಿ ಬಿತ್ತು, ವಿಚಾರಣಾ ಸಮಿತಿ ಬಂತು, 2011ರಲ್ಲಿ ಅವರು ರಾಜೀನಾಮೆ ಕೊಟ್ಟರು. ಬೆಂಗಳೂರಿನಲ್ಲಿ ಅದೇ ವಿಷಯಕ್ಕೆ ನಡೆದ ಪ್ರತಿಭಟನೆ ಮಾತ್ರ ಹೈಕೋರ್ಟಿನ ಒಳಗೇ ರಂಪಾಟವಾಯಿತು. ಚೆನ್ನೈನವರ ಕಡತ ವಿಷಯವನ್ನು ಮುಂದಕ್ಕೆ ಒಯ್ಯಿತು. ನಮ್ಮವರ ಗಲಾಟೆ ಮರುದಿನದ ಪತ್ರಿಕೆಯಲ್ಲಿ ವಿಷಯವನ್ನೇ ನುಂಗಿಹಾಕಿತು.

ದೂರಿಗೆ ದಾರಿ ಯಾವುದು ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೊಬ್ಬರ ವಿರುದ್ಧ ವಕೀಲರ ಸಂಘಗಳು ನಿರ್ಣಯ ಮಾಡಿ ಒತ್ತಡ ತಂದ ಪ್ರಕರಣ ಅದು. ಮೊದಲು ಸಾಕ್ಷ್ಯ ಕೂಡಿಸಿ, ಗುಟ್ಟಾಗಿ ಮುಖ್ಯ ನ್ಯಾಯಮೂರ್ತಿಗೆ ಕೊಡಿ, ಅವರ ಮೇಲೇ ದೂರಿದ್ದರೆ ಭಾರತದ ಮುಖ್ಯ ನ್ಯಾಯಮೂರ್ತಿಗೆ ಕೊಡಿ, ಸ್ವಲ್ಪ ಸಮಯ ಕಾಯಿರಿ ಎಂದಿತು. ಗುಟ್ಟಾಗಿ ಹೋದ ದೂರು ಗುಟ್ಟಾಗಿಯೇ ಉಳಿದುಹೋದರೆ ಏನು ಮಾಡಬೇಕು ಎಂಬುದಕ್ಕೆ ಆ ತೀರ್ಪಿನಲ್ಲಿ ಒಳ್ಳೆ ಉತ್ತರ ಇಲ್ಲ. ಅದು ಅದರ ದೊಡ್ಡ ಕೊರತೆ.

ಜನರ ಭಾಷೆಯಲ್ಲಿ

ಕರ್ನಾಟಕ ಹೈಕೋರ್ಟಿನ ಕಲಾಪ 2021ರ ಮೇನಿಂದ ಯೂಟ್ಯೂಬ್‌ನಲ್ಲಿ ಬರಲು ಶುರುವಾಯಿತು. ಒಳ್ಳೆಯದೇ. ಅದರ ಜೊತೆಗೆ ಮೂವತ್ತು ಸೆಕೆಂಡಿನ ತುಣುಕುಗಳೂ ಶುರುವಾದವು. 2024ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿಯೊಬ್ಬರ ಮಾತಿನ ತುಣುಕು ದೇಶವೆಲ್ಲ ಹರಡಿತು, ಸುಪ್ರೀಂ ಕೋರ್ಟ್ ತಾನಾಗಿಯೇ ಗಮನಕ್ಕೆ ತೆಗೆದುಕೊಂಡಿತು, ಕ್ಷಮೆ ಕೇಳಿದ ಮೇಲೆ ಮುಗಿಸಿತು. ಆ ಹೊತ್ತಿನಲ್ಲಿ ವಕೀಲರ ಸಂಘ ಹೈಕೋರ್ಟಿಗೆ ಹೋಗಿ ಕೇಳಿದ್ದು ಇಂಥ ತುಣುಕುಗಳಿಗೆ ತಡೆ. ತಡೆ ಸಿಕ್ಕಿತೂ ಕೂಡ. ಅತ್ತ ಭಾರತದ ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಹೇಳಿದ್ದು ಬೇರೆ: ಬೆಳಕಿಗೆ ಉತ್ತರ ಇನ್ನಷ್ಟು ಬೆಳಕು, ಮುಚ್ಚಿಡುವುದಲ್ಲ.

ವಕೀಲರು ಮಾಡಬಹುದಾದ ಅತಿ ಸುಲಭದ ಕೆಲಸ ಇಲ್ಲಿದೆ. ನ್ಯಾಯಮೂರ್ತಿ ವಿಚಾರಣೆಯಲ್ಲಿ ಕೇಳುವ ಪ್ರಶ್ನೆ ಆದೇಶ ಅಲ್ಲ, ಸಹಿ ಬಿದ್ದ ಕಾಗದ ಮಾತ್ರ ಆದೇಶ. ಜಾಮೀನು ಅಂದರೆ ಬಿಡುಗಡೆ ಅಲ್ಲ, ಕೇಸು ಇನ್ನೂ ಇದೆ. ತಡೆಯಾಜ್ಞೆ ಅಂದರೆ ಗೆಲುವಲ್ಲ. ಇಷ್ಟನ್ನು ಮೈಸೂರು ಕನ್ನಡದಲ್ಲೋ ಕಲಬುರಗಿ ಕನ್ನಡದಲ್ಲೋ ಎರಡು ನಿಮಿಷದ ವಿಡಿಯೊದಲ್ಲಿ ಹೇಳಿದರೆ, 'ಜಡ್ಜ್ ದುಡ್ಡು ತಿಂದು ಬೇಲ್ ಕೊಟ್ಟ' ಎಂಬ ಕಾಮೆಂಟುಗಳಲ್ಲಿ ಅರ್ಧ ಉದುರುತ್ತವೆ. ಒಂದು ಎಚ್ಚರಿಕೆ ಬೇಕು. ವಕೀಲರು ಜಾಹೀರಾತು ಮಾಡಿಕೊಳ್ಳುವಂತಿಲ್ಲ ಎಂದು ಬಾರ್ ಕೌನ್ಸಿಲ್ ನಿಯಮ ಇದೆ. ವಿಡಿಯೊ ಕೊನೆಗೆ ಆಫೀಸಿನ ಫೋನ್ ನಂಬರ್ ಬಂದರೆ ಹೇಳಿದ್ದೆಲ್ಲ ನೀರುಪಾಲು.

ಸಂಘಗಳ ಹೇಳಿಕೆಗಳಂತೂ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ಇರುತ್ತವೆ. 'ತೀವ್ರ ಕಳವಳ ವ್ಯಕ್ತಪಡಿಸುತ್ತದೆ' ಎಂದು ಶುರುವಾಗಿ 'ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಆಗ್ರಹಿಸುತ್ತದೆ' ಎಂದು ಮುಗಿಯುತ್ತವೆ. ಏನಾಯಿತು, ಯಾವ ನಿಯಮ ಮುರಿಯಿತು, ಯಾರು ಉತ್ತರ ಕೊಡಬೇಕು ಎಂಬುದು ಮಧ್ಯದಲ್ಲಿ ಎಲ್ಲೂ ಇರುವುದಿಲ್ಲ.

ತಮ್ಮ ಮನೆಯ ವಿಷಯ

ನ್ಯಾಯಾಧೀಶರ ಮೇಲೆ ಒತ್ತಡ ಬರುವುದು ದೆಹಲಿಯಿಂದ ಮಾತ್ರ ಅಲ್ಲ. ತಾಲ್ಲೂಕು ಕೋರ್ಟಿನಲ್ಲಿ, ಮುಂದೂಡಿಕೆ ಕೊಡದ ಹೊಸ ಸಿವಿಲ್ ನ್ಯಾಯಾಧೀಶರ ಮೇಲೆ ಸ್ಥಳೀಯ ಸಂಘವೇ ತಿರುಗಿ ಬೀಳುವುದುಂಟು. ಆ ನ್ಯಾಯಾಧೀಶರ ಪರ ಮಾತಾಡಲು ಪಾಲ್ಖಿವಾಲಾ ಬರುವುದಿಲ್ಲ.

2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ದೇಶದ್ರೋಹದ ಕೇಸು ಬಿತ್ತು. ಅವರ ಪರ ಯಾರೂ ವಕಾಲತ್ತು ಹಾಕಬಾರದು ಎಂದು ಅಲ್ಲಿನ ವಕೀಲರ ಸಂಘ ನಿರ್ಣಯ ಮಾಡಿತು. ಇಂಥ ನಿರ್ಣಯಗಳಿಗೆ ಬೆಲೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಆರೋಪಿಗೆ ವಕೀಲರೇ ಇಲ್ಲದಂತೆ ಮಾಡುವುದು ಅಂದರೆ ಕೇಸು ಶುರುವಾಗುವ ಮೊದಲೇ ತೀರ್ಪು ಬರೆದು ನ್ಯಾಯಾಧೀಶರ ಕೈಗೆ ಕೊಟ್ಟಂತೆ. ಕೆಲವು ವಕೀಲರು ಹೈಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕ ಅವರ ಪೀಠ ಆ ನಿರ್ಣಯ ವೃತ್ತಿಧರ್ಮಕ್ಕೆ ವಿರುದ್ಧ ಎಂದಿತು. ಜಾಮೀನು ಅರ್ಜಿ ಹಾಕಲು ಬೆಂಗಳೂರಿನಿಂದ ಹೋಗುವ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿ ಎಂದಿತು. ಸಂಘ ಆಮೇಲೆ ನಿರ್ಣಯ ಬದಲಿಸಿಕೊಂಡಿತು. ಕಪ್ಪು ಕೋಟು ಹಾಕಿದವರು ಕೋರ್ಟಿಗೆ ಹೋಗಿ ಒಂದು ಅರ್ಜಿ ಸಲ್ಲಿಸಲು ಪೊಲೀಸರ ಕಾವಲು ಬೇಕಾದದ್ದು ಬೇರೆ ಕಪ್ಪು ಕೋಟುಗಳ ಭಯಕ್ಕೆ.